ಯಂತ್ರಕ್ಕೆ ಮೊದಲು ಗಣಿತ

ಕೇಂದ್ರ ಮಂತ್ರಿಮಂಡಲವು 2023ನೆಯ ಇಸವಿ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಂ ಮಿಷನ್ ಎಂಬ ಯೋಜನೆಗೆ ಒಪ್ಪಿಗೆಯಿತ್ತು, 2030-31ರ ವರೆಗಿನ ಎಂಟು ವರ್ಷಗಳಿಗೆ 6003 ಕೋಟಿ 65 ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿತು. ಯೋಜನೆಯ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಗಣಕದ ಕೇಂದ್ರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ. ಸಂವೇದಕ ಮತ್ತು ಸೂಕ್ಷ್ಮಮಾಪನದ ಕೇಂದ್ರವು ಮುಂಬಯಿಯ ಐ.ಐ.ಟಿ.ಗೆ ಸಂದಿದೆ. ಗಣಕದ ವಿಷಯವಾಗಿ ಪತ್ರಿಕೆಗಳಲ್ಲಿ ಬೇಕಾದಷ್ಟು ಬರೆಯಲಾಗುತ್ತಿದೆ. ಸಂವೇದಕದ ಮಾತು ಅಪರೂಪ. ಆ ಸಂವೇದಕವನ್ನು ಕಟ್ಟುವುದಕ್ಕೆ ಮುಂಚೆ ನಡೆಯಬೇಕಾದ ಲೆಕ್ಕದ ಮಾತಂತೂ ಇಲ್ಲವೇ ಇಲ್ಲವೆಂದರೂ ಸಲ್ಲುತ್ತದೆ. ನಮ್ಮ ಅಭಿಪ್ರಾಯದಲ್ಲಿ ಕೊನೆಯಲ್ಲಿ ಹೇಳಿದುದೇ ಮೊದಲನೆಯದಾಗಿರಬೇಕು. ಅದು ಏಕೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪರಮಾಣುವಿನ ತಕ್ಕಡಿ

ಭೂಮಿಯ ಆಕರ್ಷಣವು ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ನೆಲದಡಿಯಲ್ಲಿ ಭಾರವಾದ ಅದುರಿದ್ದರೆ ಅದು ಕೊಂಚ ಹೆಚ್ಚು; ಪೊಳ್ಳಿದ್ದರೆ ಕೊಂಚ ಕಡಮೆ. ನೆಲದೊಳಗೆ ಒಂದು ಮೀಟರು ದಪ್ಪದ ವಿಶಾಲವಾದ ನೀರಿನ ಹಾಸು ಸೇರಿದರೆ ಮೇಲಿನ ಆಕರ್ಷಣವು ನೂರು ಕೋಟಿಯಲ್ಲಿ ಸುಮಾರು 43 ಪಾಲು ಹೆಚ್ಚುತ್ತದೆ. ಈ ಅಲ್ಪವಾದ ವ್ಯತ್ಯಾಸವನ್ನು ನಂಬಿಕೆಗೆ ಅರ್ಹವಾಗಿ ಅಳೆಯಬಲ್ಲ ಉಪಕರಣವು ಕೈಯಲ್ಲಿದ್ದರೆ ಅಂತರ್ಜಲದ ಏರಿಳಿತ, ಗಣಿ, ಸುರಂಗ, ಜ್ವಾಲಾಮುಖಿಯ ಒಳಗಿನ ಚಲನೆ, ಇವೆಲ್ಲವನ್ನೂ ನೆಲವನ್ನು ಅಗೆಯದೆಯೇ ತಿಳಿಯಬಹುದು. ಸ್ಪ್ರಿಂಗಿಗೆ ತೂಕವನ್ನು ತೂಗುಹಾಕಿ ಅಳೆಯುವ ಉಪಕರಣಗಳು ಹಿಂದಿನಿಂದಲೂ ಇವೆ. ಆದರೆ ಸ್ಪ್ರಿಂಗು ದಿನಗಳೆದಂತೆ ಸಡಿಲುತ್ತದೆ. ಪರಮಾಣುವಿಗೆ ಸವೆತವೂ ಇಲ್ಲ, ಮುಪ್ಪೂ ಇಲ್ಲ. ಲೋಕದಲ್ಲಿರುವ ಒಂದೇ ಜಾತಿಯ ರುಬಿಡಿಯಂ ಪರಮಾಣುಗಳೆಲ್ಲವೂ ಒಂದೇ ಅಚ್ಚಿನವು. ಅವುಗಳನ್ನೇ ತಕ್ಕಡಿಯ ಬಟ್ಟನ್ನಾಗಿ ಮಾಡಿಕೊಂಡುದೇ ಪರಮಾಣು ವ್ಯತಿಕರಣಮಾಪಕ.

ಇದರ ಮೂಲತತ್ತ್ವವು 1924ರಷ್ಟು ಹಳೆಯದು. ದ್ರವ್ಯದ ಕಣವೂ ಅಲೆಯಂತೆ ವರ್ತಿಸುತ್ತದೆಂದು ಫ್ರಾನ್ಸಿನ ಲೂಯಿ ದ ಬ್ರಾಯಿ ತಮ್ಮ ಪ್ರೌಢಪ್ರಬಂಧದಲ್ಲಿ ಪ್ರತಿಪಾದಿಸಿದುದು ಆ ವರ್ಷವೇ. ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರು ಐನ್‌ಸ್ಟೈನರಿಗೆ ತಮ್ಮ ಲೇಖನವನ್ನು ಕಳುಹಿಸಿದುದೂ ಆ ವರ್ಷವೇ. ಆದರೆ ಸಾಮಾನ್ಯವಾದ ಕೋಣೆಯ ಶಾಖದಲ್ಲಿ ರುಬಿಡಿಯಂ ಪರಮಾಣುವು ಸೆಕೆಂಡಿಗೆ ಸುಮಾರು 300 ಮೀಟರಿನ ವೇಗದಲ್ಲಿ ಧಾವಿಸುತ್ತಿರುತ್ತದೆ. ಅದನ್ನು ಲೇಸರ್ ಬೆಳಕಿನಿಂದ ಎದುರೊತ್ತಿ ತಡೆದು, ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಮೇಲಿರುವ ಶೈತ್ಯಕ್ಕೆ ಇಳಿಸಿದರೆ, ವೇಗವು ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟಕ್ಕೆ ಬಂದು ನಿಲ್ಲುತ್ತದೆ. ಈ ತಣಿಸುವ ವಿದ್ಯೆಗಾಗಿ ಸ್ಟೀವನ್ ಚೂ, ಕ್ಲೋದ್ ಕೊಹೆನ್ ತನೂಜಿ ಮತ್ತು ವಿಲಿಯಂ ಫಿಲಿಪ್ಸ್ ಎಂಬ ಮೂವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಹೀಗೆ ತಣಿದ ಪರಮಾಣುಗಳ ಸಣ್ಣ ಮೋಡವೊಂದನ್ನು ಗಾಳಿಯನ್ನೆಲ್ಲ ತೆಗೆದ ಕೊಳವೆಯಲ್ಲಿ ಬೀಳಬಿಡುತ್ತಾರೆ. ಬೀಳುತ್ತಿರುವಾಗ ಮೂರು ಸಲ ಲೇಸರ್ ಬೆಳಕನ್ನು ಮಿಂಚಿಸುತ್ತಾರೆ. ಮೊದಲನೆಯ ಮಿಂಚು ಒಂದೊಂದು ಪರಮಾಣುವಿನ ಅಲೆಯನ್ನೂ ಎರಡು ದಾರಿಗಳಾಗಿ ಒಡೆಯುತ್ತದೆ. ಎರಡನೆಯದು ಅವುಗಳ ದಿಕ್ಕನ್ನು ಅದಲುಬದಲು ಮಾಡುತ್ತದೆ. ಮೂರನೆಯದು ಮತ್ತೆ ಕೂಡಿಸುತ್ತದೆ. ಕೂಡುವಾಗ ಎರಡು ಅಲೆಗಳ ಏರಿಳಿತಗಳು ಎಷ್ಟು ಹೊಂದುತ್ತವೆ, ಎಷ್ಟು ತಪ್ಪುತ್ತವೆ ಎಂಬುದನ್ನು ಎಣಿಸಿದರೆ ಆಕರ್ಷಣದ ಬೆಲೆಯು ಹೊರಬೀಳುತ್ತದೆ. ಮಿಂಚುಗಳ ನಡುವಣ ಕಾಲವು ಸೆಕೆಂಡಿನ ಹತ್ತನೆಯ ಒಂದು ಪಾಲಾಗಿದ್ದರೆ, ಮೋಡವು ಒಟ್ಟು ಸುಮಾರು 20 ಸೆಂಟಿಮೀಟರು ಬೀಳುತ್ತದೆ. ಎರಡು ದಾರಿಗಳ ನಡುವೆ ಸುಮಾರು 1.2 ಮಿಲಿಮೀಟರು ಅಂತರವುಂಟಾಗುತ್ತದೆ. ಅಷ್ಟರಲ್ಲಿಯೇ ಅಲೆಯ ಏರಿಳಿತವು ಎರಡೂವರೆ ಲಕ್ಷ ಸುತ್ತುಗಳಷ್ಟು ಜರುಗಿರುತ್ತದೆ. ಒಂದು ಸುತ್ತಿನ ಸಾವಿರದಲ್ಲೊಂದು ಪಾಲನ್ನು ಗುರುತಿಸಬಲ್ಲೆವಾದರೆ, ಒಂದೇ ಬೀಳುವಿಕೆಯಿಂದ ಆಕರ್ಷಣವನ್ನು 25 ಕೋಟಿಯಲ್ಲಿ ಒಂದು ಪಾಲಿನ ವರೆಗೆ ಅಳೆದಂತಾಯಿತು.

ಲೇಸರ್ ಮಿಂಚಿನಿಂದ ಪರಮಾಣುವನ್ನು ಒಡೆದು ಕೂಡಿಸುವ ಈ ಕ್ರಮವನ್ನು 1991ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕಾಸೆವಿಚ್ ಮತ್ತು ಚೂ ಅವರು ತೋರಿಸಿಕೊಟ್ಟರು. ಅವರು ಬಳಸಿದ ಬೆಳಕಿನ ಕ್ರಿಯೆಗೆ ಶಾಸ್ತ್ರಗ್ರಂಥಗಳಲ್ಲಿ ರಾಮನ್ ಸಂಕ್ರಮಣವೆಂದೇ ಹೆಸರು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಪರಿಣಾಮದಿಂದ ಬಂದ ಹೆಸರದು. ಅದನ್ನು ಕಂಡ ಚಂದ್ರಶೇಖರ ವೆಂಕಟರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾಲಯದಲ್ಲಿ ಇಂದು ಪರಮಾಣುಗಳನ್ನು ಲೇಸರಿನಿಂದ ತಣಿಸುವ ಕಾರ್ಯವು ನಡೆಯುತ್ತಿದೆ.

ಇದು ಪ್ರಯೋಗಶಾಲೆಯ ಹೊಸ್ತಿಲನ್ನು ದಾಟದ ಕೌತುಕವೆಂದು ಯಾರೂ ಭಾವಿಸಬೇಕಾಗಿಲ್ಲ. ಇಟಲಿಯ ಎಟ್ನಾ ಜ್ವಾಲಾಮುಖಿಯ ಮೇಲೆ 2020ರಲ್ಲಿ ಇಂಥ ಉಪಕರಣವೊಂದನ್ನು ಇಟ್ಟು ಅಳತೆ ನಡೆಸಿದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು ಎರಡು ಕಟ್ಟಡಗಳ ನಡುವಣ ರಸ್ತೆಯ ಕೆಳಗೆ ಹುದುಗಿದ್ದ, ಎರಡು ಮೀಟರು ಅಗಲದ ಸುರಂಗವನ್ನು ರಸ್ತೆಯ ಮೇಲಿನಿಂದಲೇ ಕಂಡುಹಿಡಿದು 2022ರಲ್ಲಿ ಪ್ರಕಟಿಸಿದರು. ಅವರು ಒಂದರ ಮೇಲೊಂದು ಎರಡು ಮೋಡಗಳನ್ನಿಟ್ಟು ಒಂದೇ ಲೇಸರಿನಿಂದ ಎರಡನ್ನೂ ಅಳೆದುದರಿಂದ, ನೆಲದ ನಡುಕವು ಎರಡಕ್ಕೂ ಸಮನಾಗಿ ತಗಲಿ ಲೆಕ್ಕದಲ್ಲಿ ಕಳೆದುಹೋಯಿತು.

ಕೋಡಿಯ ಅಗಲವನ್ನು ಮಳೆಗೆ ಮುಂಚೆ ಗೊತ್ತುಮಾಡಬೇಕು

ಇಷ್ಟು ಸೂಕ್ಷ್ಮವಾದ ತಕ್ಕಡಿಗೆ ಶತ್ರುಗಳು ಅನೇಕ. ನೂರು ಕೋಟಿಯಲ್ಲಿ 43 ಪಾಲೆಂಬ ನೀರಿನ ಗುರುತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮೋಡವನ್ನು ಬೀಳಬಿಡುವಾಗ ಅದು ಒಟ್ಟಾಗಿ ಪೂರ್ವಕ್ಕೋ ಪಶ್ಚಿಮಕ್ಕೋ ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ಸರಿದರೆ ಸಾಕು. ಭೂಮಿಯು ತನ್ನ ಸುತ್ತ ತಿರುಗುತ್ತಿರುವ ಕಾರಣದಿಂದ, ನಮ್ಮ ಸೀಮೆಯಲ್ಲಿ ನೂರು ಕೋಟಿಯಲ್ಲಿ ಸುಮಾರು 145 ಪಾಲು ತಪ್ಪು ಬರುತ್ತದೆ. ಅಂದರೆ ಮೂರು ಮೀಟರಿಗೂ ಮಿಕ್ಕಿದ ನೀರು ಇಲ್ಲದೆಡೆಯಲ್ಲಿ ಇದ್ದಂತೆಯೂ, ಇದ್ದೆಡೆಯಲ್ಲಿ ಇಲ್ಲದಂತೆಯೂ ತೋರುವುದು. ಉಪಕರಣವನ್ನು ನಿನ್ನೆಗಿಂತ ಒಂದು ಗೇಣು ಎತ್ತರಕ್ಕೆ ಇಟ್ಟರೆ ಆಗುವ ವ್ಯತ್ಯಾಸವೂ ಒಂದು ಮೀಟರು ನೀರಿಗೆ ಕಡಮೆಯಲ್ಲ. ಇವಲ್ಲದೆ ಲೇಸರಿನ ಅಲೆಯ ಮುಖವು ನೆಟ್ಟಗಿಲ್ಲದೆ ಬಾಗಿರುವುದುಂಟು. ಕನ್ನಡಿಯು ಬೀದಿಯ ಬಂಡಿಗಳ ಸದ್ದಿಗೆ ನಡುಗುವುದುಂಟು. ಸುತ್ತಣ ಕಬ್ಬಿಣದಿಂದ ಕಾಂತಕ್ಷೇತ್ರವು ಏರುಪೇರಾಗುವುದುಂಟು.

ಒಂದು ದೋಷವನ್ನು ಕಳೆಯಹೋದರೆ ಇನ್ನೊಂದು ತಲೆಯೆತ್ತುತ್ತದೆ. ಮಿಂಚುಗಳ ನಡುವಣ ಕಾಲವನ್ನು ಇಮ್ಮಡಿಸಿದರೆ ಸೂಕ್ಷ್ಮತೆಯು ನಾಲ್ಕು ಮಡಿಯಾಗುತ್ತದೆ. ಆದರೆ ಬೀಳುವ ದೂರವೂ ನಾಲ್ಕು ಮಡಿಯಾಗಿ, ಗೇಣುದ್ದದ ಕೊಳವೆಯು ಗಜದುದ್ದವಾಗಬೇಕು. ಅಷ್ಟು ಹೊತ್ತಿನಲ್ಲಿ ಮೋಡವು ಇಮ್ಮಡಿಯಾಗಿ ಹರಡುತ್ತದೆ. ಹರಡಿದ ಮೋಡಕ್ಕೆ ಅಗಲವಾದ ಲೇಸರ್ ಬೇಕು. ಅಗಲಿಸಿದರೆ ಬೆಳಕಿನ ಬಲವು ಕುಗ್ಗುತ್ತದೆ. ಹಾಗಾದರೆ ಎಷ್ಟು ಕಾಲ, ಎಷ್ಟು ಅಗಲ, ಎಷ್ಟು ಶೈತ್ಯ? ಇದನ್ನು ಉಪಕರಣವನ್ನು ಕಟ್ಟಿ, ಒಡೆದು, ಮತ್ತೆ ಕಟ್ಟಿ ಕಂಡುಕೊಳ್ಳಹೊರಟರೆ ಹಣವೂ ವರ್ಷಗಳೂ ಸಮೆದುಹೋಗುತ್ತವೆ.

ಕೆರೆಯ ಏರಿಯನ್ನು ಕಟ್ಟಿಸುವ ಎಂಜಿನಿಯರು ಮೊದಲು ಜಲಾನಯನದ ಅಳತೆ ತೆಗೆದು, ಮಳೆಯ ಲೆಕ್ಕ ಹಾಕಿ, ನಕ್ಷೆಯನ್ನೂ ಅಂದಾಜುಪಟ್ಟಿಯನ್ನೂ ಸಿದ್ಧಪಡಿಸುತ್ತಾರೆ. ಕೋಡಿಯ ಅಗಲವನ್ನು ಮಳೆ ಬಂದ ಮೇಲೆ ಗೊತ್ತುಮಾಡುವುದಿಲ್ಲ. ಪರಮಾಣುವಿನ ತಕ್ಕಡಿಗೂ ಅಂಥ ಅಂದಾಜುಪಟ್ಟಿಯೊಂದು ಬೇಕು. ಕಟ್ಟಬೇಕಾದ ಉಪಕರಣವನ್ನು ಅದರ ಗುಣದೋಷಗಳೊಡನೆ ಗಣಕಯಂತ್ರದೊಳಗೆ ಅಂಕಿಗಳಿಂದ ಕಟ್ಟಿ, ಪರಮಾಣುಗಳನ್ನು ಅಲ್ಲಿಯೇ ಸಾವಿರ ಸಲ ಬೀಳಿಸಿ ನೋಡುವ ತಂತ್ರಾಂಶವೇ ಆ ಅಂದಾಜುಪಟ್ಟಿ. ಸಿಮ್ಯುಲೇಷನ್ ಎಂದು ಹೆಸರುಗೊಂಡ ಈ ವಿದ್ಯೆಯನ್ನು ನಾವು ಅನುಕರಣ ಗಣಿತವೆಂದು ಕರೆಯಬಹುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದನ್ನು ನಮ್ಮವರು ಪರಿಹಾಸ್ಯಮಾಡುತ್ತಾರೆ. ಇಲ್ಲಿ ಕುಲಾವಿಯನ್ನು ಮೊದಲು ಹೊಲಿಯದಿದ್ದರೆ ಕೂಸೇ ಹುಟ್ಟದು.

ಲೆಕ್ಕದ ಮೂರು ಮೆಟ್ಟಿಲುಗಳು

ಅನುಕರಣ ಗಣಿತಕ್ಕೆ ಮುಖ್ಯವಾಗಿ ಮೂರು ಮೆಟ್ಟಿಲುಗಳುಂಟು. ಮೊದಲನೆಯದು ಸೂತ್ರದ ಲೆಕ್ಕ. ಕನ್ನಡಿಯು ಯಾವ ವೇಗದಲ್ಲಿ ಎಷ್ಟು ನಡುಗಿದರೆ ಉತ್ತರವು ಎಷ್ಟು ಕೆಡುತ್ತದೆಂಬುದನ್ನು ಸೂತ್ರದಿಂದ ಕ್ಷಣಮಾತ್ರದಲ್ಲಿ ತಿಳಿಯಬಹುದು. ಉಪಕರಣವನ್ನಿಡುವ ಕಟ್ಟಡದ ನಡುಕವನ್ನು ಒಂದು ರಾತ್ರಿ ಅಳೆದು ತಂದರೆ, ಆ ಸ್ಥಳವು ಯೋಗ್ಯವೋ ಅಲ್ಲವೋ ಎಂಬುದನ್ನು ಮೇಜಿನ ಮುಂದೆ ಕುಳಿತೇ ತೀರ್ಮಾನಿಸಬಹುದು.

ಎರಡನೆಯ ಮೆಟ್ಟಿಲಿನಲ್ಲಿ ಪ್ರತಿಯೊಂದು ಪರಮಾಣುವನ್ನೂ ಒಂದು ಸಣ್ಣ ಗುಂಡೆಂದು ಭಾವಿಸಿ, ಲಕ್ಷಾಂತರ ಗುಂಡುಗಳ ದಾರಿಯನ್ನು ಒಂದೊಂದಾಗಿ ಹಿಂಬಾಲಿಸುತ್ತಾರೆ. ಬೆಳಕಿನ ಎಷ್ಟು ಏಟುಗಳು ಬಿದ್ದವು, ಎತ್ತ ತಳ್ಳಲ್ಪಟ್ಟಿತು, ಎಲ್ಲಿ ಸೆರೆಯಾಯಿತು, ಎಲ್ಲಿ ತಪ್ಪಿಸಿಕೊಂಡಿತು ಎಂಬುದು ಇದರಿಂದ ತಿಳಿಯುತ್ತದೆ. ಇಂಗ್ಲೆಂಡಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಆಟಮ್‌ಇಸಿಎಸ್ ಎಂಬ ತಂತ್ರಾಂಶವು ಈ ವರ್ಗದ್ದು. ಇದರ ರಚನಾಕ್ರಮವು ಬಂದುದು ಮಕ್ಕಳು ಪರದೆಯ ಮೇಲೆ ಆಡುವ ವಿಡಿಯೋ ಆಟಗಳಿಂದ; ಅಲ್ಲಿ ಸಾವಿರಾರು ಪಾತ್ರಗಳನ್ನು ಏಕಕಾಲದಲ್ಲಿ ಓಡಾಡಿಸಲು ಬೆಳೆದ ಉಪಾಯವನ್ನು ಇಲ್ಲಿ ಪರಮಾಣುಗಳಿಗೆ ಅನ್ವಯಿಸಿರುವರು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಶಾಸ್ತ್ರಜ್ಞರು ರಚಿಸಿದ ಪೈಎಲ್‌ಸಿಪಿ ಎಂಬ ಇನ್ನೊಂದು ತಂತ್ರಾಂಶವು ಲೇಸರಿನಿಂದ ತಣಿಯುವಾಗ ಪರಮಾಣುವಿನ ಒಳಸ್ಥಿತಿಗಳು ಹೇಗೆ ಬದಲಾಗುತ್ತವೆಂಬುದನ್ನು ಗಣಿಸುತ್ತದೆ.

ಮೂರನೆಯ ಮೆಟ್ಟಿಲು ಅತ್ಯಂತ ಕಡಿದಾದುದು. ಇಲ್ಲಿ ಪರಮಾಣುವು ಗುಂಡಲ್ಲ, ಅಲೆ. ಒಂದೇ ಸ್ಥಿತಿಯಲ್ಲಿ ಒಂದುಗೂಡಿದ ಶೀತಲ ಪರಮಾಣುಗಳ ಅಲೆಯನ್ನು ವರ್ಣಿಸುವ ಸಮೀಕರಣವನ್ನು 1961ರಲ್ಲಿ ಗ್ರಾಸ್ ಮತ್ತು ಪಿಟಯೆವ್‌ಸ್ಕಿ ಎಂಬಿಬ್ಬರು ಬೇರೆಬೇರೆಯಾಗಿ ಬರೆದರು. ಅದನ್ನು ಗಣಕದಲ್ಲಿ ಬಿಡಿಸಬೇಕಾದರೆ ಆಕಾಶವನ್ನು ಸಣ್ಣಸಣ್ಣ ಮನೆಗಳಾಗಿ ವಿಭಾಗಿಸಿ, ಒಂದೊಂದು ಮನೆಗೂ ಅಲೆಯ ಬೆಲೆಯನ್ನು ಬರೆದಿಡಬೇಕು. ಉದ್ದ, ಅಗಲ, ಎತ್ತರಗಳಿಗೆ 512 ಮನೆಗಳಂತೆ ಇಟ್ಟರೂ ಒಟ್ಟು 13 ಕೋಟಿ 42 ಲಕ್ಷ ಮನೆಗಳಾಗುತ್ತವೆ. ಕಾಲದ ಒಂದೊಂದು ಹೆಜ್ಜೆಗೂ ಅಷ್ಟನ್ನೂ ಮರಳಿ ಲೆಕ್ಕ ಹಾಕಬೇಕು. ಇನ್ನೊಂದು ತೊಡಕೆಂದರೆ, ಅಲೆಯ ಏರಿಳಿತಗಳು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಿರಿದು. ಬೀಳುವ ದೂರವೋ 20 ಸೆಂಟಿಮೀಟರು. ಇಷ್ಟು ಕಿರಿದಾದ ಮನೆಗಳಿಂದ ಅಷ್ಟು ದೂರವನ್ನೆಲ್ಲ ತುಂಬಿಸುವುದು ಮಹಾಗಣಕಕ್ಕೂ ಹೊರೆಯೇ. ಆದುದರಿಂದ ಬಲ್ಲವರು ಮೋಡದೊಡನೆ ತಾನೂ ಬೀಳುವ, ಅದು ಹರಡಿದಂತೆ ತಾನೂ ಹಿಗ್ಗುವ ಚೌಕಟ್ಟನ್ನು ಕಲ್ಪಿಸಿಕೊಂಡು, ಅದರೊಳಗೆ ಲೆಕ್ಕ ನಡೆಸುತ್ತಾರೆ. ಹರಿಯುವ ಹೊಳೆಯಲ್ಲಿ ತೆಪ್ಪದ ಮೇಲೆ ಕುಳಿತವನಿಗೆ ತನ್ನ ಸುತ್ತಣ ನೀರು ನಿಂತಂತೆ ಕಾಣುವುದಷ್ಟೆ, ಉಪಾಯವು ಅದೇ. ಜರ್ಮನಿಯ ಹ್ಯಾನೋವರಿನ ಶಾಸ್ತ್ರಜ್ಞರು ಅಲೆಯ ಸಮೀಕರಣವನ್ನೇ ಬಿಡಿಸಿ, ಬೆಳಕಿನ ಮಿಂಚುಗಳಿಂದ ಪರಮಾಣುವಿನ ಅಲೆಯು ಒಡೆಯುವ ನಾನಾ ವಿಧಗಳನ್ನು ಗಣಿಸುವ ಸಾರ್ವತ್ರಿಕ ಅನುಕರಣ ಕ್ರಮವೊಂದನ್ನು 2020ರಲ್ಲಿ ಪ್ರಕಟಿಸಿರುವರು.

ದೃಗ್ಗಣಿತದ ಧರ್ಮ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಮ್ಮ ಕರ್ತವ್ಯಕ್ಕೆ ಲೋಪವಾದೀತು. ಗಣಕದ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರವಾಗಿ ಮೂಡಿದ ಉತ್ತರವು ಕನ್ನಡಿಯೊಳಗಿನ ಗಂಟು. ನಾವು ಅದರೊಳಗೆ ಇಡದ ದೋಷವನ್ನು ಅದು ಎಂದಿಗೂ ತೋರಿಸಲಾರದು. ಲೇಸರಿನ ಮುಖವು ನೆಟ್ಟಗಿದೆಯೆಂದು ಭಾವಿಸಿ ಲೆಕ್ಕ ಹಾಕಿದವನಿಗೆ, ಬಾಗಿದ ಮುಖದಿಂದ ಬರುವ ತಪ್ಪು ಲೆಕ್ಕದಲ್ಲಿ ಕಾಣುವುದಾದರೂ ಹೇಗೆ? ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂಬಂತೆ ತಂತ್ರಾಂಶವು ಹೇಳಿದುದನ್ನೆಲ್ಲ ನಂಬುವವನು ಅದನ್ನು ಬಳಸಲು ಅರ್ಹನಲ್ಲ.

ಈ ವಿವೇಕವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಗ್ರಹಣವು ಹಿಡಿಯುವುದಕ್ಕೆ ಮುಂಚೆಯೇ ಅದರ ಸ್ಪರ್ಶ ಮೋಕ್ಷಗಳನ್ನು ಪಂಚಾಂಗದಲ್ಲಿ ಬರೆದಿಡುವ ನಮ್ಮ ಜ್ಯೋತಿರ್ಗಣಿತಜ್ಞರು ಮಾಡುತ್ತಿದ್ದುದೂ ಅನುಕರಣ ಗಣಿತವೇ. ಸಿದ್ಧಾಂತದ ಲೆಕ್ಕವು ಆಕಾಶದಲ್ಲಿ ಕಂಡುದಕ್ಕೆ ಹೊಂದದೆ ಹೋದಾಗ, ಕೇರಳದ ಪರಮೇಶ್ವರನು ಬಹುಕಾಲ ಗ್ರಹಣಗಳನ್ನು ನೋಡಿ, ಲೆಕ್ಕವನ್ನೇ ತಿದ್ದಿ, 1431ರಲ್ಲಿ ದೃಗ್ಗಣಿತವೆಂಬ ಗ್ರಂಥವನ್ನು ರಚಿಸಿದನು. ಕಣ್ಣಿಗೆ ಕಂಡುದಕ್ಕೆ ಹೊಂದುವ ಗಣಿತವೆಂದೇ ಆ ಹೆಸರಿನ ಅರ್ಥ. ಪರಮಾಣುವಿನ ಗಣಿತಕ್ಕೂ ಧರ್ಮವು ಇದೇ.

ಲೆಕ್ಕವೂ ಅಳತೆಯೂ ಹೊಂದದಿರುವುದು ಯಾವಾಗಲೂ ನಷ್ಟವೇ ಎಂದು ತಿಳಿಯತಕ್ಕದ್ದಲ್ಲ. ನಮ್ಮ ದೇಶದ ಭೂಮಾಪನದ ಚರಿತ್ರೆಯಲ್ಲಿಯೇ ಇದಕ್ಕೆ ಪ್ರಸಿದ್ಧವಾದ ನಿದರ್ಶನವಿದೆ. ಉತ್ತರ ಹಿಂದೂಸ್ಥಾನದ ಕಲ್ಯಾಣ ಮತ್ತು ಮಧ್ಯದೇಶದ ಕಲ್ಯಾಣಪುರ ಎಂಬೆರಡು ಠಾಣೆಗಳ ನಡುವಣ ಅಕ್ಷಾಂಶದ ಅಂತರವನ್ನು ನಕ್ಷತ್ರಗಳಿಂದಲೂ ನೆಲದ ಮೇಲಿನ ತ್ರಿಕೋನಗಳಿಂದಲೂ ಅಳೆದಾಗ, ಎರಡು ಉತ್ತರಗಳಿಗೂ 5.236 ವಿಕಲೆಗಳ ವ್ಯತ್ಯಾಸ ಬಂದಿತು. ಹಿಮಾಲಯದ ರಾಶಿಯು ತೂಗುಗುಂಡನ್ನು ತನ್ನತ್ತ ಸೆಳೆದುದೇ ಕಾರಣವಿರಬೇಕೆಂದು ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ಅವರು ಪರ್ವತಗಳ ದ್ರವ್ಯವನ್ನೆಲ್ಲ ಲೆಕ್ಕಕ್ಕೆ ಹಿಡಿದು ಗಣಿಸಿದರೆ, 15.885 ವಿಕಲೆಗಳಾಗಬೇಕೆಂದು ಉತ್ತರ ಬಂದಿತು. ಲೆಕ್ಕವು ಹೇಳಿದುದರ ಮೂರನೆಯ ಒಂದು ಪಾಲು ಮಾತ್ರ ಕಣ್ಣಿಗೆ ಕಂಡಿತ್ತು. 1855ರಲ್ಲಿ ಪ್ರಕಟವಾದ ಈ ವಿರೋಧವನ್ನು ಬಿಡಿಸಹೋದುದರಿಂದಲೇ, ಪರ್ವತಗಳ ಅಡಿಯಲ್ಲಿ ಹಗುರವಾದ ದ್ರವ್ಯವಿದ್ದು ಅವು ತೇಲುವಂತೆ ನಿಂತಿವೆಯೆಂಬ ತತ್ತ್ವವು ಭೂಶಾಸ್ತ್ರಕ್ಕೆ ಲಭಿಸಿತು. ಪ್ರ್ಯಾಟರು ಮೊದಲು ಲೆಕ್ಕ ಹಾಕದೆ ಇದ್ದಿದ್ದರೆ, ಐದು ವಿಕಲೆಗಳ ಆ ವ್ಯತ್ಯಾಸವು ಅಳತೆಗಾರನ ಕೈತಪ್ಪೆಂದು ಕಡತದಲ್ಲಿ ಹೂತುಹೋಗುತ್ತಿದ್ದಿತು.

ನಮ್ಮ ಕೆಲಸವೇನು?

ಇನ್ನು ನಮ್ಮ ದೇಶದ ಮಾತು. ಹೊರದೇಶದ ಕಾರ್ಖಾನೆಗಳು ಪರಮಾಣು ಗುರುತ್ವಮಾಪಕಗಳನ್ನು ಈಗಾಗಲೇ ಮಾಡಿ ಮಾರುತ್ತಿವೆ. ಹಣವಿದ್ದರೆ ಪೆಟ್ಟಿಗೆಯನ್ನು ತರಿಸಬಹುದು. ಆದರೆ ಪೆಟ್ಟಿಗೆಯ ಮುಖದ ಮೇಲೆ ಮೂಡುವ ಅಂಕಿಯು ನೇರವಾಗಿ ಪರಮಾಣುಗಳಿಂದ ಬಂದುದಲ್ಲ. ಭೂಮಿಯ ಭ್ರಮಣಕ್ಕೆ ಇಷ್ಟು, ಲೇಸರಿನ ಬಾಗಿಗೆ ಇಷ್ಟು, ಎತ್ತರಕ್ಕೆ ಇಷ್ಟು ಎಂದು ಕಳೆದು ಕೂಡಿ ಉಳಿದುದು. ಆ ಕಳೆಯುವಿಕೆ ಕೂಡುವಿಕೆಗಳು ಮಾರುವವನ ಗುಟ್ಟಾಗಿಯೇ ಉಳಿದರೆ, ನಾವು ನೀರೆಂದು ತೋಡಿದುದು ಮೋಡದ ಸರಿತವೇ ಆಗಿರಬಹುದು. ಬರಪೀಡಿತವಾದ ತಾಲ್ಲೂಕಿನಲ್ಲಿ ಅಂಥ ತಪ್ಪಿಗೆ ಬೆಲೆ ತೆರುವವನು ರೈತ. ಅಳತೆಯನ್ನು ಕೊಂಡುಕೊಳ್ಳಬಹುದು, ಅಳತೆಯ ಮೇಲಿನ ನಂಬಿಕೆಯನ್ನು ಕೊಂಡುಕೊಳ್ಳಲಾಗದು. ಅದು ಲೆಕ್ಕವನ್ನು ತಾನೇ ಹಾಕಬಲ್ಲವನಿಗೆ ಮಾತ್ರ ದಕ್ಕುತ್ತದೆ.

ಈ ವಿದ್ಯೆಯಲ್ಲಿ ನಮ್ಮವರು ಹಿಂದುಳಿಯಲೇಬೇಕಾದ ಕಾರಣವೇನೂ ಇಲ್ಲ. ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದ ಪಿ. ಮುರುಗಾನಂದಂ ಅವರೂ, ಬ್ರೆಜಿಲಿನ ಸಾವೊ ಪಾಲೊದಲ್ಲಿ ಕೆಲಸಮಾಡುತ್ತಿದ್ದ ಎಸ್. ಕೆ. ಅಧಿಕಾರಿಯವರೂ ಕೂಡಿ, ಮೇಲೆ ಹೇಳಿದ ಗ್ರಾಸ್ ಪಿಟಯೆವ್‌ಸ್ಕಿ ಸಮೀಕರಣವನ್ನು ಬಿಡಿಸುವ ಫೋರ್‌ಟ್ರಾನ್ ಕಾರ್ಯಕ್ರಮಗಳನ್ನು 2009ರಲ್ಲಿ ಎಲ್ಲರಿಗೂ ದೊರೆಯುವಂತೆ ಪ್ರಕಟಿಸಿದರು. ಮುಂದೆ ಸೆರ್ಬಿಯ ದೇಶದ ಬೆಲ್‌ಗ್ರೇಡಿನ ಸಂಶೋಧಕರು ಇವರೊಡನೆ ಸೇರಿ ಅವುಗಳನ್ನು ಸಿ ಭಾಷೆಗೆ ಅಳವಡಿಸಿದರು. ನಮ್ಮ ಕಡೆಯಿಂದ ಹೊರಟ ಲೆಕ್ಕವು ಲೋಕದ ಪ್ರಯೋಗಶಾಲೆಗಳಿಗೆ ಸಂದುದಕ್ಕೆ ಇದು ನಿದರ್ಶನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗವೆಂಬ ಮಹಾಗಣಕವು ಸ್ಥಾಪಿತವಾಯಿತು. ಸೆಕೆಂಡಿಗೆ 33 ಲಕ್ಷ ಕೋಟಿಯ ನೂರರಷ್ಟು ಲೆಕ್ಕಗಳನ್ನು ಮಾಡುವುದು ಅದರ ಸಾಮರ್ಥ್ಯ. ಅಷ್ಟು ದೊಡ್ಡದು ಎಲ್ಲರಿಗೂ ಬೇಕಾಗಿಯೂ ಇಲ್ಲ. ಮೊದಲಿನ ಎರಡು ಮೆಟ್ಟಿಲುಗಳನ್ನು ಜಿಲ್ಲಾಸ್ಥಳದ ಕಾಲೇಜಿನ ಸಾಧಾರಣ ಗಣಕದಲ್ಲಿಯೇ ಹತ್ತಬಹುದು. ಕೋಟಿಗಟ್ಟಲೆ ಬೆಲೆಯ ಲೇಸರ್ ಇಲ್ಲದ ಊರಿನ ವಿದ್ಯಾರ್ಥಿಗೂ ಈ ಶಾಸ್ತ್ರದೊಳಗೆ ತೆರೆದಿರುವ ಬಾಗಿಲು ಇದೊಂದೇ.

ಆದುದರಿಂದ ಅಧಿಕಾರದಲ್ಲಿರುವವರಿಗೆ ನಾವು ಮೂರು ಮಾತುಗಳನ್ನು ಅರಿಕೆಮಾಡುತ್ತೇವೆ. ಮೊದಲನೆಯದಾಗಿ, ಸಾರ್ವಜನಿಕ ಹಣದಿಂದ ಕಟ್ಟುವ ಪ್ರತಿಯೊಂದು ಪರಮಾಣು ಸಂವೇದಕಕ್ಕೂ ಅದರ ಅನುಕರಣ ಗಣಿತವನ್ನು ಮೊದಲು ಸಿದ್ಧಪಡಿಸಿ, ಇತರರು ಪರೀಕ್ಷಿಸುವಂತೆ ಬಹಿರಂಗಪಡಿಸತಕ್ಕದ್ದೆಂಬ ನಿಬಂಧನೆಯಿರಲಿ. ಎರಡನೆಯದಾಗಿ, ಹೊರಗಿನಿಂದ ಕೊಳ್ಳುವ ಉಪಕರಣಗಳ ಕರಾರಿನಲ್ಲಿ ತಿದ್ದುಪಡಿಯ ಲೆಕ್ಕಗಳನ್ನೆಲ್ಲ ಒಪ್ಪಿಸತಕ್ಕದ್ದೆಂದು ಬರೆಯಿಸಲಿ. ಮೂರನೆಯದಾಗಿ, ಲೆಕ್ಕವನ್ನು ರಚಿಸುವವರನ್ನು ಉಪಕರಣವನ್ನು ಕಟ್ಟುವವರಿಗೆ ಸಮನಾಗಿ ಎಣಿಸಿ, ಅವರಿಗೆ ಸ್ಥಿರವಾದ ಉದ್ಯೋಗವನ್ನು ಕಲ್ಪಿಸಲಿ. ಎರಡು ವರ್ಷದ ಕರಾರಿನ ಮೇಲೆ ಬಂದ ತರುಣನು ಬರೆದ ಕಾರ್ಯಕ್ರಮವು ಅವನು ಬಿಟ್ಟುಹೋದ ಮರುದಿನವೇ ಯಾರಿಗೂ ಅರ್ಥವಾಗದಂತಾಗುವುದನ್ನು ಬಲ್ಲವರು ಬಲ್ಲರು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ವೆಚ್ಚವಿಲ್ಲ. 6003 ಕೋಟಿ ರೂಪಾಯಿಗಳಲ್ಲಿ ಇದರ ಪಾಲು ಕಣ್ಣಿಗೆ ಬೀಳದಷ್ಟು ಅಲ್ಪವಾಗಿರುವುದು. ಆದರೆ ಆ ಅಲ್ಪವನ್ನು ಮೊದಲು ವ್ಯಯಮಾಡದಿದ್ದರೆ ಉಳಿದುದನ್ನೆಲ್ಲ ವ್ಯಯಮಾಡಿದ ಮೇಲೆಯೂ ನಮ್ಮ ಕೈಯಲ್ಲಿ ಪೆಟ್ಟಿಗೆಗಳು ಉಳಿದಾವೇ ಹೊರತು ವಿದ್ಯೆಯು ಉಳಿಯದು.